ತಾಟು ಅಲುಗದ ದಿನ

ನಮೂನೆಯ ಹದಿನಾಲ್ಕನೇ ಪ್ರಶ್ನೆ:
ನಿನಗೆ ಆಗಾಗ್ಗೆ ಆತಂಕವಾಗುತ್ತದೆಯೇ?
ಹಟ್ಟಿ ಕ್ಯಾಂಪಿನ ಎಂಟು ವರ್ಷದ ಮೌನೇಶ
ನನ್ನ ಬಾಯಿ ನೋಡಿದ, ಪೆನ್ನು ನೋಡಿದ.
‘ಆತಂಕ ಅಂದ್ರ ಏನ್ರಿ ಟೀಚರ್, ತಿನ್ನೂದಾ?’
ಅಡ್ಡಗೆರೆ ಎಳೆದೆ. ಮೇಲೆ ಬರೆದೆ: ಅಂಜಿಕಿ.
‘ನನಗ ಅಂಜಿಕಿ ಇಲ್ಲ ಬಿಡ್ರಿ.
ಹೊಟ್ಟ್ಯಾಗ ಒಂದು ಇರುವಿ ಗೂಡು ಐತಿ, ಅಷ್ಟ.’
ಇರುವೆ ಗೂಡಿಗೆ
ನಮ್ಮ ನಮೂನೆಯಲ್ಲಿ ಚೌಕವಿಲ್ಲ.

ಮೂರು ತಿಂಗಳಿಂದ ಈ ಗಣಿ ಊರು ಸುತ್ತುತ್ತಿದ್ದೇನೆ.
ಹೆಗಲ ಚೀಲದಲ್ಲಿ ಸದ್ದು ಅಳೆಯುವ ಯಂತ್ರ,
ಜೊಲ್ಲು ಹಿಡಿಯುವ ಸೀಸೆ ಅರವತ್ತು,
ಕಿಟಕಿ ಕಟ್ಟೆಯ ಧೂಳಿಗೆ ಲಕೋಟೆ,
ಬೋರಿನ ನೀರಿಗೆ ಹಸಿರು ಮುಚ್ಚಳದ ಬಾಟಲಿ,
ಲಿಂಗಸೂಗೂರು ದಾಟುವುದರೊಳಗೆ ಅರ್ಧ ಕರಗುವ ಐಸು.
ನಲ್ಲಿ ಕಟ್ಟೆಯಲ್ಲಿ ನನಗೊಂದು ಹೆಸರೂ ಬಿದ್ದಿದೆ:
ಉಗುಳವ್ವ.

ಕಣ್ಣಿನ ಕೆಳಗೆ ಎರಡು ಬಿಲ್ಲೆ ಅಂಟಿಸಿ
ಕಿವಿಗೆ ತಟ್ಟನೆ ಒಂದು ಸದ್ದು ಬಿಟ್ಟರೆ
ಮಗು ಎಷ್ಟು ಗಟ್ಟಿಯಾಗಿ ರೆಪ್ಪೆ ಹೊಡೆಯುತ್ತದೆ,
ಲ್ಯಾಪ್‌ಟಾಪಿನಲ್ಲಿ ಗೆರೆ ಎದ್ದು ಬೀಳುತ್ತದೆ.
ಹುಸೇನಮ್ಮ ಮಗನ ಬೆನ್ನಿಗೆ ಕುಂತು
ಹರಿದು ಹೋಗುವ ಹಾವು ನೋಡಿದಂತೆ ಗೆರೆಯನ್ನು ನೋಡಿದಳು.
ತಲೆಯೊಳಗೆ, ಕಿವಿಯ ನೇರಕ್ಕೆ, ಆಳದಲ್ಲಿ
ಒಂದು ಕಾಳಿದೆ ಅಂದೆ. ಬಾದಾಮಿಯಷ್ಟು.
‘ಬಾದಾಮಿ ನಾವೆಲ್ಲಿ ದಿನಾ ನೋಡ್ತೀವಿ, ಶೇಂಗಾದಷ್ಟು ಅನ್ರಿ.
ಅದನ್ನ ತಗದ್ರ ಅಂಜಿಕಿ ಹೊಕ್ಕೈತೇನು?’
ಹೋಗುತ್ತದೆ. ಆಮೇಲೆ ಚೇಳನ್ನೂ ಎತ್ತಿಕೊಳ್ಳುತ್ತಾನೆ.
ಅವಳು ಒಂದು ಗಳಿಗೆ ಲೆಕ್ಕ ಹಾಕಿ
ಮಗನ ನೆತ್ತಿಯ ಮೇಲೆ ಅಂಗೈ ಮುಚ್ಚಿದಳು.
‘ಹಂಗಾರ ಇರ್ಲಿ.’

ಪಾಳಿ ಮುಗಿಯುವ ಹೊತ್ತಿಗೆ ನೆಲದೊಳಗೆ ಮದ್ದು ಸಿಡಿಯುತ್ತದೆ.
ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ.
ನಾಗಂದಿಗೆಯ ಮೇಲಿನ ತಾಟುಗಳು
ಝಲ್ ಅನ್ನುತ್ತವೆ, ಸುಮ್ಮನಾಗುತ್ತವೆ.
ನನ್ನ ಊಹೆ ಅರ್ಜಿಯ ಮೊದಲ ಪುಟದಲ್ಲೇ ಇತ್ತು:
ಸದ್ದು ಏರಿದಷ್ಟೂ ಭಯ ಏರುತ್ತದೆ.

ಸೀಸೆಗಳು ಬೇರೆಯೇ ಹೇಳಿದವು.
ಸಿಡಿದ ದಿನದ ಜೊಲ್ಲು ಸಂಜೆಗೆ ಇಳಿದಿತ್ತು.
ಏರಿದ್ದು, ಏನೋ ರಿಪೇರಿಯೆಂದು
ಸಿಡಿತ ನಿಂತ ಬುಧವಾರ.
ಮೌನೇಶನದು ಹಾಳೆಯ ಅಂಚಿಗೆ ಹೋಗಿ ಮುಟ್ಟಿತ್ತು.
ಕೈತಪ್ಪು ಅಂದುಕೊಂಡೆ. ಮತ್ತೆ ಸೀಸೆ, ಮತ್ತೆ ಐಸು,
ಮತ್ತೆ ಅದೇ ಎರಡು ಗಂಟೆಯ ಬಸ್ಸು.
ಮತ್ತೆ ಅಂಚಿಗೇ.

ಕೊನೆಗೆ ಪೆನ್ನು ಮುಚ್ಚಿಟ್ಟು ಕೇಳಿದೆ.
ಇಷ್ಟೂ ಗೊತ್ತಿಲ್ಲವೇ ಎಂಬ ಕನಿಕರದಲ್ಲಿ ಅವನೆಂದ:
‘ಎಲ್ಲಾರೂ ಮ್ಯಾಲ ಬಂದಮ್ಯಾಗ ಮದ್ದು ಹಚ್ತಾರ್ರಿ.
ತಾಟು ಝಲ್ ಅಂದ್ರ ಅಪ್ಪ ಮ್ಯಾಲ ಬಂದಾನ.
ಅನ್ನಲಿಲ್ಲಂದ್ರ?’

ಧೂಳು, ನೀರು ಇನ್ನೂ ಪ್ರಯೋಗಾಲಯದಲ್ಲಿವೆ.
ಆ ಶೇಂಗಾ ಕಾಳಿಗೆ ಅವುಗಳದೂ ಒಂದು ಪಾಲು ಹೋಗಿದ್ದೀತು,
ಇಲ್ಲ ಎನ್ನಲು ನಾನು ಯಾರು.
ಆದರೆ ಸದ್ದು ಅಳೆಯುವ ಯಂತ್ರಕ್ಕೆ
ಆಗದ ಸದ್ದನ್ನು ಅಳೆಯುವುದು ಕಲಿಸಿಲ್ಲ.

ಇವತ್ತು ಕೊನೆಯ ಭೇಟಿ.
ಹೊತ್ತು ಮೀರಿದೆ, ನೆಲ ಸುಮ್ಮನಿದೆ.
ಹುಸೇನಮ್ಮ ಚಹಾಕ್ಕಿಟ್ಟು ಸೋಸುವುದು ಮರೆತಿದ್ದಾಳೆ.
ಹುಡುಗ ನಾಗಂದಿಗೆಯನ್ನೇ ನೋಡುತ್ತಿದ್ದಾನೆ,
ನಾನೂ ನೋಡುತ್ತಿದ್ದೇನೆ, ನನ್ನ ಹೊಟ್ಟೆಯಲ್ಲೂ
ಒಂದೆರಡು ಇರುವೆ.
ಅವನು ಎದ್ದ. ಡಬ್ಬಿಯ ಮೇಲೆ ಹತ್ತಿದ.
ತುದಿಗಾಲಲ್ಲಿ ನಿಂತು, ಒಂದೇ ಬೆರಳಿಂದ
ಕೊನೆಯ ತಾಟಿಗೆ ತಟ್ಟಿದ.

ಯಂತ್ರ ಅದನ್ನೂ ಬರೆದುಕೊಂಡಿತು.
ಇಂಥವನ್ನು ಲೆಕ್ಕದಿಂದ ತೆಗೆಯಬೇಕು, ನಿಯಮವಿದೆ.
ತೆಗೆಯಲಿಲ್ಲ.